ಸೈಟಿನ ಬೆಲೆಗೆ ಬಂದವರಿಗೆ ಮನೆ ತೋರಿಸಿದ್ದು

ಮೈಸೂರಿನಲ್ಲಿ ನಲವತ್ತು ವರ್ಷದ ಹಳೇ ಮನೆ ಮಾರುತ್ತೇವೆ ಅಂದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ‘ಮನೆಗೇನೂ ಬೆಲೆ ಬರಲ್ಲ, ಸೈಟಿಗೆ ಎಷ್ಟೋ ಅಷ್ಟೇ.’ ಬ್ರೋಕರ್ ಹೇಳಿದ್ದೂ ಅದೇ, ಚಿಕ್ಕಪ್ಪ ಹೇಳಿದ್ದೂ ಅದೇ. ಎದುರು ಮನೆ ಆಂಟಿ ಇನ್ನೂ ಮುಂದೆ ಹೋಗಿ, ‘ಹೆಂಗಿದ್ರೂ ಒಡೆದು ಹಾಕ್ತಾರೆ ಕಣೇ, ಕಸ ಗುಡಿಸಿ ಬೀಗ ಹಾಕ್ಬಿಡಿ ಸಾಕು’ ಅಂದರು.

ಆ ಮಾತಿನಲ್ಲಿ ಅರ್ಧ ನಿಜ ಇದೆ. ಕುವೆಂಪುನಗರದ ನಮ್ಮ ರಸ್ತೆಯಲ್ಲೇ ಹಳೇ ಮನೆಗಳು ಒಂದೊಂದಾಗಿ ಹೋಗುತ್ತಿವೆ. ಆ ಜಾಗದಲ್ಲಿ ಕೆಳಗೆ ಪಾರ್ಕಿಂಗ್, ಮೇಲೆ ಮೂರು ಮಹಡಿ. ನಮ್ಮದು 40 × 60 ಸೈಟು. ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಅನ್ನೋದು ಹುಟ್ಟಿದ್ದು 1988ರಲ್ಲಿ. ಅದಕ್ಕೂ ಮುಂಚೆ ಸೈಟು ಹಂಚುತ್ತಿದ್ದ ಸಿಐಟಿಬಿ (ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್) ಇದ್ದ ಕಾಲದಲ್ಲಿ ಅಪ್ಪನಿಗೆ ಹಂಚಿಕೆಯಾಗಿದ್ದು ಇದು. ಎಂಬತ್ತರ ದಶಕದಲ್ಲಿ ಸಾಲ ಮಾಡಿ ಮನೆ ಕಟ್ಟಿಸಿದರು. ಅಪ್ಪ ಹೋದ ಮೇಲೆ ಅಮ್ಮ ಒಬ್ಬರೇ ಇದ್ದರು. ಮಂಡಿ ನೋವು ಜಾಸ್ತಿಯಾದ ಮೇಲೆ ತಾವೇ ‘ಇನ್ನು ಸಾಕು, ಮಾರಿಬಿಡೋಣ’ ಅಂದರು. ಅಣ್ಣ ಪುಣೆಯಲ್ಲಿ, ನಾನು ಬೆಂಗಳೂರಿನಲ್ಲಿ. ಓಡಾಡುವ ಕೆಲಸ ನನ್ನ ಪಾಲಿಗೆ ಬಂತು.

ಅಣ್ಣನಿಗೆ ಆ ‘ಸೈಟಿನ ಬೆಲೆ’ ಅನ್ನೋ ಮಾತು ಒಪ್ಪಿಗೆಯಾಗಲಿಲ್ಲ. ಭಾವನೆಯ ವಿಷಯ ಅಲ್ಲ, ಲೆಕ್ಕದ ವಿಷಯ. ಒಡೆಯೋಕೆ ಬರುವವನು ಸೈಟಿನ ಬೆಲೆಯಲ್ಲೇ ಒಡೆಯುವ ಖರ್ಚನ್ನೂ ಕಳೆಯುತ್ತಾನೆ. ಅವನಿಗೆ ಅವಸರ ಇಲ್ಲ, ಇದಲ್ಲದಿದ್ದರೆ ಪಕ್ಕದ ರಸ್ತೆಯಲ್ಲಿ ಇನ್ನೊಂದು ಸಿಗುತ್ತೆ. ಇರೋಕೆ ಬರುವವರು ಹಾಗಲ್ಲ. ಅವರಿಗೆ ಕಟ್ಟಿಸುವ ಖರ್ಚು, ಕಟ್ಟಿಸುವವರೆಗಿನ ಬಾಡಿಗೆ, ಮೇಸ್ತ್ರಿಗಳ ಹಿಂದೆ ಅಲೆಯೋ ತಲೆನೋವು, ಮೂರೂ ಉಳಿಯುತ್ತವೆ. ಆದರೆ ಅಂಥವರು ಒಳಗೆ ಕಾಲಿಟ್ಟ ತಕ್ಷಣ ‘ಇಲ್ಲಿ ಇರಬಹುದು’ ಅನ್ನಿಸಬೇಕು. ಅದಕ್ಕೆ ಎಷ್ಟು ಬೇಕೋ ಅಷ್ಟು ಮಾಡೋಣ, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಬೇಡ ಅಂತ ನಿರ್ಧಾರವಾಯಿತು.

ಆಗ ಆಷಾಢ ಹತ್ತಿರ ಬಂದಿತ್ತು. ಆಷಾಢದಲ್ಲಿ ಮನೆ ನೋಡೋಕೆ ಬರುವವರು ಕಡಿಮೆ. ಬಂದರೂ ಅಡ್ವಾನ್ಸ್ ಕೊಡಲ್ಲ. ಬ್ರೋಕರ್ ‘ಶ್ರಾವಣ ಬರ್ಲಿ ಮೇಡಂ, ಆಮೇಲೆ ನೋಡಿ’ ಅಂದರು. ನಮಗೆ ಅದೇ ಬೇಕಾಗಿತ್ತು. ರಿಪೇರಿ ಮಾಡಿಸೋಕೆ ಒಂದು ತಿಂಗಳು, ಜೊತೆಗೆ ಒಂದಷ್ಟು ಮಳೆ. ಮಳೆ ಯಾಕೆ ಬೇಕಿತ್ತು ಅನ್ನೋದು ಆಮೇಲೆ.

ಪೊರಕೆ ಹಿಡಿಯೋ ಮುಂಚೆ ಕಾಗದ ಹಿಡಿದೆವು. ಖಾತೆ, ಅಂದರೆ ಕಂದಾಯಕ್ಕಾಗಿ ಇರುವ ಆಸ್ತಿ ದಾಖಲೆ, ಇನ್ನೂ ಅಪ್ಪನ ಹೆಸರಲ್ಲೇ ಇತ್ತು. ಕರ್ನಾಟಕದಲ್ಲಿ ನಗರದ ಆಸ್ತಿ ನೋಂದಣಿಗೆ 2024ರ ಅಕ್ಟೋಬರ್‌ನಿಂದ ಅದರ ಡಿಜಿಟಲ್ ರೂಪ, ಇ-ಖಾತಾ, ಕಡ್ಡಾಯ. ಅದಿಲ್ಲದೆ ಮನೆ ತೋರಿಸಿದರೆ, ಒಪ್ಪಿಕೊಂಡವರೂ ಎರಡು ವಾರ ಕಾದು ಕೈ ಬಿಡುತ್ತಾರೆ. ಮರಣ ಪತ್ರ, ವಂಶವೃಕ್ಷ, ಕಂದಾಯ ಕಟ್ಟಿದ ರಸೀದಿ ಎಲ್ಲ ಕೊಟ್ಟು ಅಮ್ಮ, ಅಣ್ಣ, ನಾನು ಮೂವರ ಹೆಸರಿಗೆ ಖಾತೆ ಮಾಡಿಸಿದೆವು. ಅಪ್ಪನ ಇನಿಷಿಯಲ್ ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ. ಅದಕ್ಕೊಂದು ಅಫಿಡವಿಟ್. ಇದು ಎಲ್ಲರ ಮನೆಯಲ್ಲೂ ಇರೋ ಕಥೆ, ಬಿಡಿ.

ನಿಜವಾದ ತೊಡಕು ಇ.ಸಿ.ಯಲ್ಲಿ, ಅಂದರೆ ಆಸ್ತಿ ಮೇಲೆ ಸಾಲ, ಅಡಮಾನ ಇದೆಯಾ ಅಂತ ತೋರಿಸುವ ಋಣಭಾರ ಪತ್ರದಲ್ಲಿ, ಇತ್ತು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸುಲಭವಾಗಿ ಸಿಗುತ್ತೆ. ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಆಫೀಸಿನ ಹಳೇ ಪುಸ್ತಕ ತೆಗೆಸಿ ನೋಡಿಸಬೇಕು. ಹೊಸ ಇ.ಸಿ. ಸ್ವಚ್ಛವಾಗಿತ್ತು. ಹಳೇದರಲ್ಲಿ ಒಂದು ಅಡಮಾನ ಪತ್ರ ಕೂತಿತ್ತು. ಅಪ್ಪ ಸರ್ಕಾರಿ ನೌಕರಿಯಲ್ಲಿದ್ದಾಗ ಮನೆ ಕಟ್ಟೋಕೆ ಮುಂಗಡ ತಗೊಂಡು, ಮನೆಯನ್ನು ಅಡ ಇಟ್ಟಿದ್ದರು. ಸಾಲ ಯಾವಾಗಲೋ ಸಂಬಳದಲ್ಲೇ ತೀರಿದೆ. ಆದರೆ ತೀರಿತು ಅಂತ ಯಾರೂ ನೋಂದಣಿ ಮಾಡಿಸಿಲ್ಲ. ಕಾಗದದ ಮೇಲೆ ಮನೆ ಇನ್ನೂ ಅಡದಲ್ಲೇ ಇದೆ! ಅಪ್ಪನ ಹಳೇ ಆಫೀಸಿನಲ್ಲಿ ವಿಚಾರಿಸಿದರೆ, ‘ಅಷ್ಟು ಹಳೇ ಫೈಲ್ ಎಲ್ಲಿ ಹುಡುಕೋದಮ್ಮಾ, ನಿಮ್ಮ ಹತ್ರ ಏನಾದ್ರೂ ಇದ್ರೆ ತನ್ನಿ’ ಅಂದರು.

ಇಲ್ಲಿಂದ ಕಥೆ ಅಟ್ಟಕ್ಕೆ ಹತ್ತಿತು.

ಅಟ್ಟ ಖಾಲಿ ಮಾಡಿಸಬೇಕು ಅಂತ ಮೊದಲೇ ಪಟ್ಟಿಯಲ್ಲಿ ಬರೆದುಕೊಂಡಿದ್ದೆ. ಮನೆ ನೋಡೋಕೆ ಬರುವವರು ಅಟ್ಟ, ಬೀರು, ಮೆಟ್ಟಿಲ ಕೆಳಗಿನ ಸಂದಿ ಎಲ್ಲ ತೆಗೆದು ನೋಡುತ್ತಾರೆ. ತುಂಬಿ ತುಳುಕುತ್ತಿದ್ದರೆ ‘ಈ ಮನೇಲಿ ಸಾಮಾನು ಇಡೋಕೆ ಜಾಗ ಇಲ್ಲ’ ಅನ್ನೋ ತೀರ್ಮಾನಕ್ಕೆ ಬರುತ್ತಾರೆ. ಹಾಗಾಗಿ ಎಲ್ಲ ಇಳಿಸಿದೆವು. ಹಿತ್ತಾಳೆ ಕೊಳದಪ್ಪಲೆ, ನೀರು ಕಾಯಿಸುವ ತಾಮ್ರದ ಹಂಡೆ, ನಮ್ಮಿಬ್ಬರ ತೊಟ್ಟಿಲು, ದಸರಾ ಗೊಂಬೆಗಳ ಪೆಟ್ಟಿಗೆಗಳು, ಹಗ್ಗ ಕಟ್ಟಿದ ವಾರಪತ್ರಿಕೆಗಳ ಕಟ್ಟುಗಳು, ಕೈ ಇಲ್ಲದ ಕೊಡೆಗಳು, ಯಾವುದಕ್ಕೂ ಹೊಂದದ ಬೀಗದ ಕೈಗಳು. ಅಮ್ಮ ಕೆಳಗೆ ಕುರ್ಚಿ ಹಾಕಿಕೊಂಡು ಕೂತು ಒಂದೊಂದಕ್ಕೂ ತೀರ್ಪು ಕೊಡುತ್ತಿದ್ದರು. ‘ಅದು ಇರ್ಲಿ’ ಅನ್ನೋದೇ ಜಾಸ್ತಿ.

ಗುಜರಿಯವನು ತಕ್ಕಡಿ ಹಿಡಿದು ಬಂದಿದ್ದ. ಅಪ್ಪನ ಟ್ರಂಕಿನ ಕಾಗದಗಳನ್ನು ತೂಕಕ್ಕೆ ಹಾಕೋ ಮುಂಚೆ ಒಂದೊಂದೇ ಹಾಳೆ ನೋಡಿ ಅಂತ ಅಣ್ಣ ಫೋನಿನಲ್ಲಿ ಹಠ ಹಿಡಿದಿದ್ದ. ನೋಡಿದೆ. ಕರೆಂಟ್ ಬಿಲ್ಲು, ಸಿಮೆಂಟಿನ ರಸೀದಿ, ಮರಳಿನ ಲಾರಿಯವನ ಲೆಕ್ಕ. ಅದರ ನಡುವೆ ಮುಂಗಡ ಪೂರ್ತಿ ವಸೂಲಾಗಿದೆ ಅನ್ನೋ ಒಂದು ಪತ್ರ, ಸೀಲು ಸಹಿ ಸಮೇತ. ಆ ಒಂದು ಹಾಳೆಯಿಂದ ಆಫೀಸಿನ ಫೈಲು ಅಲ್ಲಾಡಿತು. ಸಮಯ ಹಿಡಿಯಿತು, ಆದರೆ ಋಣಮುಕ್ತ ಪತ್ರ ನೋಂದಣಿಯಾಗಿ ಇ.ಸಿ. ಸರಿಹೋಯಿತು. ಬಣ್ಣ, ಪಾಲಿಶ್ ಎಲ್ಲದಕ್ಕಿಂತ ಜಾಸ್ತಿ ಬೆಲೆ ಬಂದಿದ್ದು ಈ ಕೆಲಸಕ್ಕೆ ಅಂತ ನನ್ನ ಲೆಕ್ಕ. ಸರ್ಕಾರಿ ನೌಕರಿಯವರು ಆ ಕಾಲದಲ್ಲಿ ಕಟ್ಟಿಸಿದ ಮನೆಯಾಗಿದ್ದರೆ ಇದೊಂದನ್ನು ಮೊದಲು ನೋಡಿಕೊಳ್ಳಿ.

ಇನ್ನು ತಾರಸಿ.

ಊಟದ ಕೋಣೆಯ ಮೂಲೆಯಲ್ಲಿ ಚಾವಣಿಗೆ ತಟ್ಟೆಯಷ್ಟಗಲದ ಕಂದು ಕಲೆ ಇತ್ತು. ಪೇಂಟರ್ ನೋಡಿ, ‘ಪುಟ್ಟಿ ಎಳೆದು ಎರಡು ಕೋಟ್ ಹೊಡೆದುಬಿಡ್ತೀನಿ ಅಕ್ಕಾ, ಆರು ತಿಂಗಳು ಕಾಣಲ್ಲ’ ಅಂದ. ಆರು ತಿಂಗಳು ಅಂದರೆ ಮನೆ ಮಾರಿ ಮುಗಿಯೋವರೆಗೆ ಅಂತ ಅವನ ಅರ್ಥ. ಒಳ್ಳೇ ಮನಸ್ಸಿನಿಂದಲೇ ಹೇಳಿದ. ಆದರೆ ಹಳೇ ಮನೆ ನೋಡೋಕೆ ಬರುವವರು ಬಾಗಿಲು ದಾಟಿದ ಕೂಡಲೇ ತಲೆ ಎತ್ತಿ ನೋಡುತ್ತಾರೆ. ಚಾವಣಿಯ ಒಂದೇ ಒಂದು ಮೂಲೆ ಬೆಳ್ಳಗೆ ಹೊಳೆಯುತ್ತಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಅಲ್ಲಿಂದ ಮುಂದೆ ಅವರು ಮನೆ ನೋಡುವುದಿಲ್ಲ, ನಾವು ಇನ್ನೇನು ಮುಚ್ಚಿಟ್ಟಿದ್ದೇವೆ ಅಂತ ಹುಡುಕುತ್ತಾರೆ.

ಗಾರೆ ಮೇಸ್ತ್ರಿಯನ್ನು ತಾರಸಿಗೆ ಹತ್ತಿಸಿದೆ. ಕಾರಣ ಸಿಗೋಕೆ ಐದು ನಿಮಿಷ ಸಾಕಾಯಿತು. ಮನೆ ಮುಂದಿನ ಸಂಪಿಗೆ ಮರದ ಎಲೆ ಉದುರಿ ನೀರು ಇಳಿಯೋ ಪೈಪಿನ ಬಾಯಿ ಕಟ್ಟಿಕೊಂಡಿತ್ತು. ಮಳೆ ನೀರು ಮೂಲೆಯಲ್ಲಿ ನಿಂತು, ಹಳೇ ಸುರ್ಕಿ (ಸುಣ್ಣ, ಇಟ್ಟಿಗೆ ಪುಡಿ) ಗಾರೆಯಲ್ಲಿ ಬಿರುಕು ಬಿಟ್ಟ ಕಡೆ ಒಳಗೆ ಇಳಿಯುತ್ತಿತ್ತು. ಪ್ಯಾರಾಪೆಟ್ ಗೋಡೆಯ ಬುಡದಲ್ಲಿ ಗೇಣುದ್ದದ ಅರಳಿ ಸಸಿ ಬೇರೆ. ಅರಳಿ ಅಂದ ತಕ್ಷಣ ಅಮ್ಮನಿಗೆ ಕಸಿವಿಸಿ. ಕಿತ್ತು ಬಿಸಾಡೋಕೆ ಬಿಡಲಿಲ್ಲ. ಮೇಸ್ತ್ರಿಗೆ ಇದು ಹೊಸದೇನಲ್ಲ. ಬೇರು ಸಮೇತ ಬಿಡಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ತಮ್ಮ ಊರಿನಲ್ಲಿ ನೆಡುತ್ತೇನೆ ಅಂತ ತಗೊಂಡು ಹೋದರು. ಮೇಲೆ ಮೇಲೆ ಕತ್ತರಿಸಿದರೆ ಅರಳಿ ಮತ್ತೆ ಚಿಗುರುತ್ತೆ, ಬೇರು ಸಮೇತ ಬರಬೇಕು.

ಪೈಪು ಬಿಡಿಸಿ, ಬಿರುಕು ಅಗಲ ಮಾಡಿ ತುಂಬಿ, ಮೂಲೆಗಳಿಗೆ ಗೋಲಾ ಕೊಟ್ಟು (ನೀರು ನಿಲ್ಲದ ಹಾಗೆ ಗಾರೆ ದುಂಡಗೆ ಕೂರಿಸಿ), ವಾಟರ್‌ಪ್ರೂಫಿಂಗ್ ಎರಡು ಕೋಟ್ ಹೊಡೆಸಿದೆವು. ಒಂದು ಅಡ್ಡ, ಒಂದು ಉದ್ದ. ಮೊದಲನೇದು ಪೂರ್ತಿ ಒಣಗದೆ ಎರಡನೇದಕ್ಕೆ ಕೈ ಹಾಕೋ ಹಾಗಿಲ್ಲ. ಆಮೇಲೆ ಪೈಪಿನ ಬಾಯಿ ಮುಚ್ಚಿ, ತಾರಸಿ ಮೇಲೆ ಎರಡು ಇಂಚು ನೀರು ನಿಲ್ಲಿಸಿ 48 ಗಂಟೆ ಬಿಟ್ಟೆವು. ಕೆಳಗಿನಿಂದ ಟಾರ್ಚ್ ಬಿಟ್ಟು ಚಾವಣಿ ನೋಡೋದು, ಕೈಯಿಟ್ಟು ತೇವ ನೋಡೋದು. ಒಣಗಿಯೇ ಇತ್ತು. ಆದರೂ ಬಣ್ಣಕ್ಕೆ ಅವಸರ ಮಾಡಲಿಲ್ಲ. ನಿಜವಾದ ಮಳೆ ಬಂದು ಹೋಗಲಿ ಅಂತ ಕಾದೆವು. ಆಷಾಢ ಬೇಕಾಗಿದ್ದದ್ದು ಇದಕ್ಕೇ. ಕಲೆ ಇದ್ದಾಗಿನ ಫೋಟೋ, ಅರಳಿ ಸಸಿಯ ಫೋಟೋ, ನೀರು ನಿಲ್ಲಿಸಿದ ಫೋಟೋ, ಮೇಸ್ತ್ರಿ ಬಿಲ್ಲು, ಎಲ್ಲವನ್ನೂ ಒಂದು ಫೈಲಿನಲ್ಲಿ ಸೇರಿಸಿಟ್ಟೆ.

ಬಚ್ಚಲಿನ ಪಕ್ಕದ ರೂಮಿನ ಗೋಡೆ ಮೊಣಕಾಲೆತ್ತರಕ್ಕೆ ಉಪ್ಪು ಬಿಟ್ಟಿತ್ತು. ಅದರ ಮೇಲೂ ಪುಟ್ಟಿ ನಿಲ್ಲಲ್ಲ, ಹಪ್ಪಳ ಎದ್ದು ಬರುತ್ತೆ. ಗೋಡೆಯೊಳಗಿನ ನಲ್ಲಿ ಪೈಪಿನ ಜಾಯಿಂಟ್ ಸಣ್ಣಗೆ ಒಸರುತ್ತಿತ್ತು. ಅದನ್ನು ಬದಲಾಯಿಸಿ, ಗಾರೆ ಕೆರೆಸಿ, ಒಣಗೋಕೆ ಬಿಟ್ಟು, ಮತ್ತೆ ಗಾರೆ. ಒಣಗೋವರೆಗೆ ಆ ರೂಮು ಯುದ್ಧ ಮುಗಿದ ಬಯಲಿನ ಹಾಗಿತ್ತು.

ಎಲೆಕ್ಟ್ರಿಷಿಯನ್ ಬಂದು ಹಳೇ ಫ್ಯೂಸ್ ಬೋರ್ಡ್ ತೆಗೆದು ಎಂಸಿಬಿ, ಆರ್‌ಸಿಸಿಬಿ, ಅಂದರೆ ಲೋಡ್ ಜಾಸ್ತಿಯಾದರೆ, ಕರೆಂಟ್ ಸೋರಿದರೆ ತಾವಾಗೇ ಆಫ್ ಆಗುವ ಸ್ವಿಚ್‌ಗಳನ್ನು ಹಾಕಿದ. ಇದು ಫೋಟೋದಲ್ಲಿ ಕಾಣಲ್ಲ, ಆದರೆ ಮಕ್ಕಳಿರುವವರು ಬೋರ್ಡ್ ಮುಚ್ಚಳ ತೆಗೆದು ನೋಡುತ್ತಾರೆ.

ಬಣ್ಣದ ವಿಷಯಕ್ಕೆ ಬಂದಾಗ ಮನೆಯಲ್ಲಿ ಜಗಳ. ಅಮ್ಮನಿಗೆ ಯಾವತ್ತೂ ತಿಳಿ ಹಸಿರು. ಅಣ್ಣನಿಗೆ ಈಗಿನ ಫ್ಲ್ಯಾಟ್‌ಗಳ ಬೂದಿ ಬಣ್ಣ. ಬ್ರೋಕರ್ ‘ಬೆಳ್ಳಗೆ ಹೊಡೆಸಿ ಮೇಡಂ, ರೂಮು ದೊಡ್ಡದು ಕಾಣುತ್ತೆ’ ಅಂದರು. ಹಳೇ ಮನೆಯ ಗೋಡೆ ಸಮ ಇರಲ್ಲ. ಅಚ್ಚ ಬಿಳಿ ಹೊಡೆದರೆ ಉಬ್ಬು ತಗ್ಗೆಲ್ಲ ಎದ್ದು ಕಾಣುತ್ತೆ. ಕೊನೆಗೆ ಕೆನೆ ಬಣ್ಣ. ಹೊರಗಡೆ ಮುಂಭಾಗ ಮತ್ತು ಕಾಂಪೌಂಡ್ ಮಾತ್ರ, ಗೇಟಿಗೆ ಕಪ್ಪು ಎನಾಮೆಲ್. ಹಿಂದೆ, ಪಕ್ಕದಲ್ಲಿ ಪಾಚಿ ತೊಳೆಸಿ ಬಿಟ್ಟೆವು. ಬಣ್ಣ ಮುಗಿದ ಮೇಲೆ ಎರಡು ವಾರ ಕಿಟಕಿ ತೆರೆದಿಟ್ಟು ವಾಸನೆ ಹೋಗೋಕೆ ಬಿಟ್ಟೆವು. ಬಣ್ಣದ ವಾಸನೆ ಇರೋ ಹಳೇ ಮನೆ ಕಂಡರೆ ನನಗೇ ಅನುಮಾನ ಬರುತ್ತೆ. ಫಿನಾಯಿಲ್, ರೂಮ್ ಸ್ಪ್ರೇ ಕೂಡ ಹಾಗೇ. ಬೆಳಗ್ಗೆ ದೇವರ ಮನೆಯಲ್ಲಿ ಹಚ್ಚುವ ಊದುಬತ್ತಿಯೇ ಸಾಕು.

ನೆಲದ ಬಗ್ಗೆ ಸ್ವಲ್ಪ ಹೇಳಲೇಬೇಕು. ಮನೆ ಪೂರ್ತಿ ಕೆಂಪು ರೆಡ್ ಆಕ್ಸೈಡ್ ನೆಲ. ಹಾಲ್‌ನಲ್ಲಿ ಉದ್ದಕ್ಕೆ ಒಂದು ಕೂದಲೆಳೆ ಬಿರುಕು. ‘ಮೇಲೇ ವಿಟ್ರಿಫೈಡ್ ಟೈಲ್ಸ್ ಹಾಕ್ಸಿಬಿಡಿ’ ಅಂತ ಸಲಹೆ ಬಂತು. ಮೇಲೆ ಟೈಲ್ಸ್ ಹಾಕಿದರೆ ಬಾಗಿಲುಗಳ ಕೆಳಗೆ ಕೊಯ್ಯಬೇಕು, ಹೊಸ್ತಿಲು ಮುಳುಗುತ್ತೆ, ಖರ್ಚೂ ದೊಡ್ಡದು. ಬಿರುಕಿಗೆ ತೇಪೆ ಹಾಕಿಸೋಣ ಅಂದರೆ ಹೊಸ ಕೆಂಪು, ಹಳೇ ಕೆಂಪು ಯಾವತ್ತೂ ಸೇರಲ್ಲ. ಬಿರುಕನ್ನು ಹಾಗೇ ಬಿಟ್ಟೆವು. ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದು, ಒಣಗಿದ ಮೇಲೆ ಬಟ್ಟೆಗೆ ಚೂರು ಕೊಬ್ಬರಿ ಎಣ್ಣೆ ಹಾಕಿ ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಉಜ್ಜಿದ್ದು ಅಷ್ಟೇ. ಉಜ್ಜೋದು ಕಡಿಮೆಯಾದರೆ ಜಾರುತ್ತೆ, ವಯಸ್ಸಾದವರು ಇರೋ ಮನೆಯಲ್ಲಿ ಹುಷಾರು. ನೋಡೋಕೆ ಬಂದವರಲ್ಲಿ ಅರ್ಧ ಜನ ‘ನೆಲ ಹಳೇದು’ ಅಂದರು. ಇನ್ನರ್ಧ ಜನ ಚಪ್ಪಲಿ ಬಿಟ್ಟು ಒಳಗೆ ಬಂದು, ಕಾಲಿಗೆ ತಣ್ಣಗೆ ಸಿಕ್ಕಿದ ಕೂಡಲೇ ಕೆಳಗೆ ನೋಡಿದರು. ನಮಗೆ ಬೇಕಾದವರು ಈ ಎರಡನೆಯವರು.

ಹಿತ್ತಲಿನ ಈಶಾನ್ಯ ಮೂಲೆಯಲ್ಲಿ ಹಳೇ ಕಕ್ಕಸು. ಎಂಬತ್ತರ ದಶಕದಲ್ಲಿ ಮನೆಯೊಳಗೆ ಒಂದು, ಹೊರಗೆ ಒಂದು ಕಟ್ಟಿಸುತ್ತಿದ್ದರು. ನಾವು ಅದನ್ನು ಬಳಸೋದು ಬಿಟ್ಟು ಕಾಲವಾಗಿತ್ತು. ತೆಂಗಿನ ಚಿಪ್ಪು, ಮಟ್ಟೆ ತುಂಬಿಡೋ ಜಾಗ. ನನಗೆ ವಾಸ್ತುವಿನಲ್ಲಿ ಅಂಥ ನಂಬಿಕೆ ಇಲ್ಲ. ಆದರೆ ಕೊಳ್ಳುವವರಿಗೆ ಇದೆ. ಈಶಾನ್ಯದಲ್ಲಿ ಕಕ್ಕಸು ಅಂದರೆ ಅಡುಗೆ ಮನೆ ಆಗ್ನೇಯದಲ್ಲಿ ಇದ್ದರೂ ಉಪಯೋಗ ಇಲ್ಲ, ಮಾತು ಅಲ್ಲಿಗೇ ಮುಗೀತು. ಒಡೆಸಿ, ಗುಂಡಿ ಮುಚ್ಚಿಸಿ, ಮಣ್ಣು ಸಮ ಮಾಡಿಸಿದೆವು. ಅಮ್ಮ ಅಲ್ಲಿ ದೊಡ್ಡಪತ್ರೆ, ತುಳಸಿ ಹಾಕಿದರು. ಆಮೇಲೆ ಒಬ್ಬರು ವಾಸ್ತುವಿನವರನ್ನು ಕರೆದುಕೊಂಡು ಬಂದಾಗ ಅವರು ಫೋನಿನ ದಿಕ್ಸೂಚಿ ಹಿಡಿದು ಕಿಟಕಿಯ ಕಬ್ಬಿಣದ ಸರಳಿನ ಪಕ್ಕ ನಿಂತು, ಬಾಗಿಲು ವಾಯವ್ಯಕ್ಕೆ ತಿರುಗಿದೆ ಅಂತ ಗಾಬರಿ ಬಿದ್ದರು. ನಾಲ್ಕು ಹೆಜ್ಜೆ ಈಚೆ ಬಂದು ನೋಡಿ ಸಾರ್ ಅಂದೆ. ಪಶ್ಚಿಮಕ್ಕೆ ವಾಪಸ್ ಬಂತು.

ಬ್ರೋಕರ್ ಇನ್ನೊಂದು ಮಾತು ಹೇಳಿದ್ದರು. ‘ಹಾಲ್‌ನಲ್ಲಿರೋ ಸಾರ್ ಫೋಟೋ ತೆಗೆದುಬಿಡಿ ಮೇಡಂ. ಹಾರ ಹಾಕಿದ ಫೋಟೋ ಕಂಡ್ರೆ ಜನ ಏನೇನೋ ಕೇಳ್ತಾರೆ.’ ಹೇಳಿದ್ದು ಸರಿ ಅಂತ ನನಗೂ ಗೊತ್ತು. ಅಮ್ಮನಿಗೆ ಹೇಗೆ ಹೇಳೋದು ಅಂತ ಎರಡು ದಿನ ಸುಮ್ಮನಿದ್ದೆ. ಹೇಳಿದಾಗ ಅವರು ಒಂದೇ ಸಲ, ‘ಅವರು ಕಟ್ಟಿಸಿದ ಮನೇಲಿ ಅವರು ಇರ್ಬಾರ್ದೇನೇ?’ ಅಂದರು. ನಾನು ಮಾತು ಬೆಳೆಸಲಿಲ್ಲ. ಸಂಜೆ ಅವರೇ ಕರೆದು, ತಮ್ಮ ರೂಮಿನಲ್ಲಿ ಮಂಚದ ಎದುರು ಮೊಳೆ ಹೊಡೆಸು ಅಂದರು. ಉಳಿದ ಫೋಟೋಗಳು, ನಮ್ಮ ಕಾನ್ವೊಕೇಷನ್, ಮದುವೆ, ಸೀಮಂತ ಎಲ್ಲ ಪೆಟ್ಟಿಗೆಗೆ ಹೋದವು. ಬಂದವರು ತಮ್ಮ ಮನೆ ಅಂತ ಊಹಿಸಿಕೊಳ್ಳಬೇಕು, ನಮ್ಮ ಮುಖಗಳು ಅಡ್ಡ ಬರಬಾರದು. ದೇವರ ಮನೆ ಮಾತ್ರ ಮುಟ್ಟಲಿಲ್ಲ. ದೀಪ ಉರಿಯುತ್ತಿರೋ ದೇವರ ಮನೆ ಕಂಡರೆ ನೋಡೋಕೆ ಬಂದವರ ದನಿಯೇ ತಗ್ಗುತ್ತೆ.

ಸಂಪಿಗೆ ಮರ ಕಡಿಸಿ, ಮುಂಭಾಗ ಚೆನ್ನಾಗಿ ಕಾಣುತ್ತೆ ಅಂತಲೂ ಹೇಳಿದರು. ಅದಕ್ಕೆ ಮೂವರೂ ಇಲ್ಲ ಅಂದೆವು. ತಾರಸಿಗೆ ಚಾಚಿದ್ದ ಕೊಂಬೆ ಮಾತ್ರ ತೆಗೆಸಿದ್ದು.

ಶ್ರಾವಣ ಹುಟ್ಟಿತು. ಗೇಟಿಗೆ ‘ಮನೆ ಮಾರಾಟಕ್ಕಿದೆ’ ಬೋರ್ಡ್ ಹಾಕಿದ ದಿನವೇ ಫೋನ್ ಶುರು. ಮೊದಲ ದಿನ ಫೋನ್ ಮಾಡಿದವರೆಲ್ಲ ಬ್ರೋಕರ್‌ಗಳು. ಆನ್‌ಲೈನ್‌ನಲ್ಲಿ ಹಾಕಿದ ಫೋಟೋಗಳನ್ನು ಯಾರೋ ಇಳಿಸಿಕೊಂಡು, ತಮ್ಮ ಹೆಸರು ಅಚ್ಚು ಹಾಕಿ, ನಾವು ಹೇಳಿದ್ದಕ್ಕಿಂತ ಹತ್ತು ಲಕ್ಷ ಕಡಿಮೆಗೆ ಮತ್ತೆ ಹಾಕಿದ್ದರು. ಇದಕ್ಕೆ ಔಷಧ ಇಲ್ಲ. ಕಮಿಷನ್ ಶೇ. 1 ಅಂತ ಬರವಣಿಗೆಯಲ್ಲಿ ಒಪ್ಪಿದ ಒಬ್ಬರನ್ನು ಇಟ್ಟುಕೊಂಡು ಉಳಿದವರಿಗೆ ಅವರ ನಂಬರ್ ಕೊಟ್ಟೆವು.

ತೋರಿಸೋಕೆ ಕೆಲವು ಕಟ್ಟುಪಾಡು ಮಾಡಿಕೊಂಡೆವು. ಅಮ್ಮ ಒಬ್ಬರೇ ಇದ್ದಾಗ ಬ್ರೋಕರ್ ಬಂದರೂ ಬಾಗಿಲು ತೆಗೆಯೋ ಹಾಗಿಲ್ಲ. ನಾನೋ, ಅಣ್ಣನೋ, ಚಿಕ್ಕಪ್ಪನೋ ಇರಲೇಬೇಕು. ಒಡವೆ ಬ್ಯಾಂಕ್ ಲಾಕರಿಗೆ ಹೋಯಿತು. ಹೊತ್ತು ಬೆಳಗ್ಗೆ. ಪಶ್ಚಿಮಕ್ಕೆ ಮುಖ ಮಾಡಿದ ಮನೆ, ಮಧ್ಯಾಹ್ನದ ಮೇಲೆ ಹಾಲ್ ಕಾಯುತ್ತೆ. ಬೆಳಗ್ಗೆಯಾದರೆ ಅಡುಗೆ ಮನೆಗೆ ಎಳೆ ಬಿಸಿಲು ಬೀಳುತ್ತೆ, ಮುಂದಿನ ಕೋಣೆ ತಣ್ಣಗಿರುತ್ತೆ. ನಾವು ಹೊತ್ತು ಹೇಳಿದರೂ ಜನ ರಾಹುಕಾಲ ನೋಡಿಕೊಂಡೇ ಬರೋದು. ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ, ಹಾಗಾಗಿ ಆಮೇಲೇ ಗಾಡಿಗಳು ಬಂದು ನಿಲ್ಲೋದು. ಭಾನುವಾರದ ರಾಹುಕಾಲ ಸಂಜೆಗೆ. ಬೆಳಗ್ಗೆ ಪೂರ್ತಿ ನಮ್ಮದು.

‘ಮನೆಯವರು ಜಾಸ್ತಿ ಮಾತಾಡ್ಬಾರ್ದು’ ಅನ್ನೋದು ಬ್ರೋಕರ್ ಕಟ್ಟುಪಾಡು. ಅಮ್ಮನಿಗೆ ಅದು ಸಾಧ್ಯವಾಗುವ ಮಾತಲ್ಲ. ಬಂದವರಿಗೆ ಕಾಫಿ ಕೊಡದೆ ಕಳಿಸೋದು ಹೇಗೆ? ಕಾಫಿ ಕೊಟ್ಟ ಮೇಲೆ ಮಾತಾಡದೆ ಕೂರೋದು ಹೇಗೆ? ‘ಇಲ್ನೋಡಿ, ಈ ಮೂಲೆ ಸೋರ್ತಿತ್ತು. ಈಗ ಸರಿ ಮಾಡ್ಸಿದ್ದಾರೆ. ಆ ಸಂಪಿಗೆ ಎಲೆ ಇದ್ಯಲ್ಲ, ಅದೇ ಕಾರಣ. ಮಳೆಗಾಲಕ್ಕೆ ಮುಂಚೆ ಪೈಪು ಬಿಡಿಸ್ಕೋಬೇಕು’ ಅಂತ ತಾವೇ ಶುರು ಮಾಡುತ್ತಿದ್ದರು. ಬ್ರೋಕರ್ ಮುಖ ಕಪ್ಪಾಗುತ್ತಿತ್ತು. ನಾನು ಫೈಲ್ ತೆಗೆದು ಫೋಟೋ, ಬಿಲ್ಲು ತೋರಿಸುತ್ತಿದ್ದೆ. ಆಶ್ಚರ್ಯ ಅಂದರೆ, ಅಲ್ಲಿಂದ ಮುಂದೆ ಬಂದವರ ಪ್ರಶ್ನೆ ಬದಲಾಗುತ್ತಿತ್ತು. ‘ಬೇರೆ ಎಲ್ಲಾದ್ರೂ ಸೋರುತ್ತಾ?’ ಅನ್ನೋ ಬದಲು ‘ಆ ಮೇಸ್ತ್ರಿ ಚೆನ್ನಾಗಿ ಮಾಡ್ತಾರಾ?’ ಅಂತ ಕೇಳುತ್ತಿದ್ದರು. ಸೋರಿಕೆ ನಮ್ಮ ಬಾಯಿಂದಲೇ ಬಂದ ಮೇಲೆ ಚೌಕಾಸಿಗೆ ಅದನ್ನು ಹಿಡಿಯೋಕೆ ಅವರಿಗೂ ಸಂಕೋಚ.

ಎಷ್ಟು ಥರದ ಜನ! ಒಬ್ಬರು ಒಳಗೇ ಬರಲಿಲ್ಲ. ರಸ್ತೆ ಅಗಲ ಹೆಜ್ಜೆಯಲ್ಲಿ ಅಳೆದು, ಕಾಂಪೌಂಡಿನ ನಾಲ್ಕು ಮೂಲೆ ನೋಡಿ ಹೋದರು. ಬಿಲ್ಡರ್. ಇನ್ನೊಬ್ಬರು ಕೊಳ್ಳೋಕೆ ಬಂದವರೇ ಅಲ್ಲ, ತಮ್ಮ ಮನೆಗೆ ಎಷ್ಟು ಬೆಲೆ ಬರಬಹುದು ಅಂತ ತಿಳಿಯೋಕೆ ಬಂದಿದ್ದರು. ಒಂದು ಸಂಸಾರ ಇಡೀ ಬಳಗ ಕರೆತಂದಿತ್ತು. ಹಿರಿಯರು ನಲ್ಲಿ ತಿರುಗಿಸಿ ನೀರಿನ ರಭಸ ನೋಡಿದರು, ‘ಕಾರ್ಪೊರೇಷನ್ ನೀರು ಎಷ್ಟು ಗಂಟೆಗೆ ಬಿಡ್ತಾರೆ, ಸಂಪು ಎಷ್ಟು ಲೀಟರ್’ ಅಂತ ಕೇಳಿದರು. ಹೆಂಗಸರು ಅಡುಗೆ ಮನೆಯಲ್ಲಿ ನಿಂತು ಫ್ರಿಜ್ ಎಲ್ಲಿ ಬರುತ್ತೆ ಅಂತ ಅಳೆದರು. ಮಕ್ಕಳು ಹಿತ್ತಲಿಗೆ ಓಡಿದರು. ಕೊಳ್ಳುವ ಮನಸ್ಸಿದೆಯಾ ಇಲ್ಲವಾ ಅಂತ ಅಲ್ಲೇ ತಿಳಿಯುತ್ತೆ. ಬರೀ ಹಾಲ್ ನೋಡಿ ‘ಚೆನ್ನಾಗಿದೆ’ ಅಂದವರು ಮತ್ತೆ ಫೋನ್ ಮಾಡಲ್ಲ. ತಪ್ಪು ಹುಡುಕಿದವರು ಮಾಡುತ್ತಾರೆ.

ಕೊನೆಗೆ ಒಪ್ಪಿದವರು ಬೆಂಗಳೂರಿನಿಂದ ಮೈಸೂರಿಗೆ ವರ್ಗವಾಗಿ ಬಂದ ಗಂಡ ಹೆಂಡತಿ, ಜೊತೆಗೆ ಅವರ ಅತ್ತೆ. ಮೊದಲ ಸಲ ಎಲ್ಲರ ಜೊತೆ ಬಂದರು. ಎರಡನೇ ಸಲ ಒಬ್ಬ ಸಿವಿಲ್ ಎಂಜಿನಿಯರ್ ಕರೆತಂದರು. ಅವರು ಕಿಟಕಿ ಮೇಲಿನ ಸಜ್ಜಾಗಳ ಕೆಳಗೆ ಬಡಿದು ಟೊಳ್ಳು ಸದ್ದು ಬರುತ್ತಾ ನೋಡಿದರು. ಒಂದು ಕಡೆ ಬಂತು. ಒಳಗಿನ ಕಂಬಿ ತುಕ್ಕು ಹಿಡಿಯೋಕೆ ಶುರುವಾಗಿದೆ ಅಂದರು. ಅದಕ್ಕೆ ಒಂದು ಮೊತ್ತ ಬಿಡಬೇಕಾಯಿತು, ಬಿಟ್ಟೆವು. ಮನೆಗೆ ಬೆಲೆ ಇಲ್ಲ ಅಂದಿದ್ದ ಬ್ರೋಕರ್ ಎದುರಿಗೇ, ಸೈಟಿನ ಬೆಲೆ ಬೇರೆ, ಮನೆಯ ಬೆಲೆ ಬೇರೆ ಅಂತ ಎರಡು ಸಾಲು ಬರೆದು ಮಾತಾಡಿದ್ದು ಅಣ್ಣನಿಗೆ ಭಾರೀ ಖುಷಿ.

ನಡುವೆ ಕಪ್ಪು ಬಿಳುಪಿನ ಮಾತೂ ಬಂತು, ಅಂದರೆ ಪತ್ರದಲ್ಲಿ ಕಡಿಮೆ ಬೆಲೆ ತೋರಿಸಿ ಉಳಿದದ್ದನ್ನು ನಗದಾಗಿ ಕೊಡೋದು. ಅವರ ಕಷ್ಟ ಅರ್ಥವಾಗುವಂಥದ್ದೇ. ಮುದ್ರಾಂಕ ಶುಲ್ಕ ಶೇ. 5, ಸೆಸ್ಸು ಸರ್‌ಚಾರ್ಜು ಸೇರಿ ನಗರದಲ್ಲಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದೆ. ಒಟ್ಟು 7.6. ಒಂದು ಕೋಟಿಗೆ ಏಳು ಲಕ್ಷದ ಅರವತ್ತು ಸಾವಿರ. ಕಡಿಮೆ ತೋರಿಸಿದರೆ ಉಳಿಯುತ್ತೆ ಅನ್ನೋ ಆಸೆ ಸಹಜ. ಆದರೆ ಆಸ್ತಿ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ ತಗೊಂಡವರಿಗೇ ದಂಡ. ಅಮ್ಮನ ಮುಂದಿನ ಜೀವನದ ದುಡ್ಡು ಅದು, ಬ್ಯಾಂಕಿನಲ್ಲಿ ಇರಬೇಕು, ಚೀಲದಲ್ಲಿ ಅಲ್ಲ. ಎಲ್ಲ ಚೆಕ್ಕಿನಲ್ಲೇ ಅಂದೆವು. ಒಪ್ಪಿದರು. ನಮ್ಮ ಆಡಿಟರ್ ಬಣ್ಣದ ಬಿಲ್ಲು ನೋಡಿ ನಕ್ಕರು. ಬಣ್ಣ, ಸಣ್ಣಪುಟ್ಟ ರಿಪೇರಿ ಕ್ಯಾಪಿಟಲ್ ಗೇನ್ಸ್ (ಮಾರಿದ ಲಾಭದ ತೆರಿಗೆ) ಲೆಕ್ಕದಲ್ಲಿ ಕಳೆಯೋಕೆ ಬರಲ್ಲವಂತೆ, ಬ್ರೋಕರ್ ಕಮಿಷನ್ ಬರುತ್ತಂತೆ. ಇದ್ದದ್ದು ಹೀಗೆ, ನೋಡಿ.

ಕರಾರು ಪತ್ರದಲ್ಲಿ ಏನೇನು ಮನೆ ಜೊತೆ ಹೋಗುತ್ತೆ ಅಂತ ಬರೆಸೋದು ಒಳ್ಳೇದು. ಫ್ಯಾನು, ಗೀಸರ್, ನೀರಿನ ಮೋಟಾರು ಅವರಿಗೆ. ಒರಳು ಕಲ್ಲನ್ನೂ ಸೇರಿಸಿದೆವು, ಅದನ್ನು ಎತ್ತೋರು ಯಾರು? ಸಹಿ ಆದ ಮೇಲೆ ಅವರ ಅತ್ತೆ ಅಮ್ಮನ ಪಕ್ಕ ಕೂತು ಸಂಪು ತೊಳೆಸೋದು ಯಾವಾಗ, ಸಂಪಿಗೆ ಮರ ಹೂ ಬಿಡೋದು ಯಾವಾಗ ಅಂತ ಎಲ್ಲ ವಿಚಾರಿಸಿಕೊಂಡರು. ಹೊರಡುವಾಗ ಆ ಹುಡುಗಿ ನನ್ನ ಹತ್ತಿರ ಬಂದು ಪೇಂಟರ್ ನಂಬರ್ ಕೇಳಿದಳು.

‘ಕೆಲಸ ನೀಟಾಗಿದೆ ಅಕ್ಕ. ಆದ್ರೆ ನಮ್ಮತ್ತೆಗೆ ಈ ಕೆನೆ ಬಣ್ಣ ಹಿಡಿಸಲಿಲ್ಲ. ಗೃಹಪ್ರವೇಶಕ್ಕೆ ಮುಂಚೆ ತಿಳಿ ಹಸಿರು ಹೊಡೆಸ್ಬೇಕಂತೆ.’

ಅಮ್ಮ ನನ್ನ ಕಡೆ ನೋಡಲೇ ಇಲ್ಲ. ಅವರ ಅತ್ತೆಗೆ ಇನ್ನೊಂದು ಲೋಟ ಕಾಫಿ ಬಗ್ಗಿಸೋಕೆ ಎದ್ದು ಹೋದರು.